ಇಲ್ಲಿ ರೀಲು ತೊಳೆದುಕೊಡಲಾಗುವುದು

ಬೇರೆಯವರ ಅಂಗಡಿಗೆ ಗಿರಾಕಿಗಳು ಬರುತ್ತಾರೆ, ನನ್ನ ಅಂಗಡಿಗೆ ಗಾಬರಿಗಳು ಬರುತ್ತವೆ. ವಾರಕ್ಕೊಂದಾದರೂ ಬಂದು ಎದೆ ಧಸಕ್ಕೆನ್ನಿಸದಿದ್ದರೆ ನನಗೇ ಏನೋ ಕಳೆದುಕೊಂಡ ಹಾಗಿರುತ್ತದೆ.

ಮದ್ದೂರು ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ. ಈಗ ಅಲ್ಲಿ ನಡೆಯುವುದೆಲ್ಲ ಪಾಸ್‌ಪೋರ್ಟ್ ಫೋಟೋ, ಜೆರಾಕ್ಸು, ಲ್ಯಾಮಿನೇಷನ್ನು. ಆದರೂ ಬಾಗಿಲ ಮೇಲೆ, ಅಂಗಡಿ ಇಟ್ಟ ಹೊಸದರಲ್ಲಿ ಬರೆಸಿದ ಬೋರ್ಡು ಹಾಗೇ ಇದೆ: 'ಇಲ್ಲಿ ರೀಲು ತೊಳೆದುಕೊಡಲಾಗುವುದು.' ಹಿಂದುಗಡೆ, ಅಂಗಡಿಗೂ ನಮ್ಮ ಮನೆಗೂ ನಡುವೆ, ಒಂದು ಕತ್ತಲೆ ಕೋಣೆಯೂ ಇದೆ. ಕ್ಯಾಮೆರಾದಿಂದ ತೆಗೆದ ರೀಲನ್ನು ಬೆಳಕು ಸೋಕದ ಹಾಗೆ ಅಲ್ಲಿ ಔಷಧದ ನೀರಿನಲ್ಲಿ ಅದ್ದಿದರೆ ಚಿತ್ರ ಮೂಡುತ್ತಿತ್ತು. ಅದಕ್ಕೇ ನಮ್ಮ ಕಡೆ ತೊಳೆಯುವುದು ಅನ್ನುತ್ತಿದ್ದರು. ಒಂದು ಕಾಲದಲ್ಲಿ ಮದ್ದೂರು, ಮಳವಳ್ಳಿ, ಮಂಡ್ಯದ ಎಷ್ಟೋ ಮದುವೆಗಳು ಆ ಕೋಣೆಯ ನೀರಿನಲ್ಲಿ ಮುಳುಗಿ ಎದ್ದಿವೆ.

ನನ್ನ ಹೆಂಡತಿಗೆ ಆ ಬೋರ್ಡು ಕಂಡರಾಗದು. "ಅದನ್ನ ಕಿತ್ತಾಕಿ, ಆ ಕೋಣೆ ನನಗೆ ಉಗ್ರಾಣಕ್ಕೆ ಬಿಡಿ. ಇನ್ಯಾರ್ರೀ ತರ್ತಾರೆ ರೀಲ?" ಅಂತ ದಿನಾ ಒಂದೇ ರಾಗ. ಅವಳ ಮಾತು ಸುಳ್ಳಲ್ಲ. ಆದರೂ ನಾನು ಬಿಟ್ಟುಕೊಡಲಿಲ್ಲ, ಅದಕ್ಕೆ ಕಾರಣ ಇದೆ. ಮಳವಳ್ಳಿ ಕಡೆಯ ಒಂದು ಊರಿನಲ್ಲಿ ನನಗೆ 'ರೀಲು ಸುಟ್ಟೋನು' ಅಂತ ಹೆಸರು. ಅಂಗಡಿ ಇಟ್ಟ ಹೊಸದರಲ್ಲಿ ಆ ಊರಿನ ಒಬ್ಬ ಗಂಡಿನ ಮದುವೆಗೆ ಫೋಟೋ ತೆಗೆದಿದ್ದೆ. ರೀಲು ನಾನೇ ತೊಳೆಸಿಕೊಳ್ಳುತ್ತೇನೆ ಅಂತ ಗಂಡು ನನ್ನ ಕೈಯಿಂದ ಈಸಿಕೊಂಡು ಹೋದ. ನಾಲ್ಕು ದಿನಕ್ಕೆ ಸುದ್ದಿ ಬಂತು: ಫೋಟೋದವನು ಬೆಳಕು ಬಿಟ್ಟು ರೀಲು ಸುಟ್ಟುಹಾಕಿದ್ದಾನೆ! ನಾನು ಕೊಟ್ಟಾಗ ರೀಲು ಗಟ್ಟಿಮುಟ್ಟಾಗಿತ್ತು. ಹೇಳಿದರೆ ಯಾರು ಕೇಳುತ್ತಾರೆ? ಅವತ್ತಿನಿಂದ ಆ ಊರಿನವರು ಒಂದು ನಾಮಕರಣಕ್ಕೂ ನನ್ನನ್ನು ಕರೆದಿಲ್ಲ. ಮೂರು ತಾಲ್ಲೂಕಿನ ರೀಲು ತೊಳೆದವನಿಗೆ ತನ್ನ ಹೆಸರೊಂದನ್ನು ತೊಳೆದುಕೊಳ್ಳಲಾಗಲಿಲ್ಲ. ಈಗ ಬೋರ್ಡು ಇಳಿಸಿದರೆ, 'ನೋಡಿ, ಸುಟ್ಟೋನು ಅಂಗಡೀನೂ ಸುಟ್ಟುಕೊಂಡ' ಅನ್ನುತ್ತಾರೆ. ಅದಕ್ಕೇ ಹಟ.

ಆ ಹಟದಿಂದ ಏನೇನಾಯಿತು ಅಂತ ಕೇಳಿ.

ಯಾವ ರೀಲು?

ಒಂದು ಬೆಳಿಗ್ಗೆ ಕಾಲೇಜು ಹುಡುಗಿಯೊಬ್ಬಳು ಏದುಸಿರು ಬಿಡುತ್ತಾ ಅಂಗಡಿಗೆ ನುಗ್ಗಿದಳು.

"ಅಂಕಲ್, ಬೋರ್ಡ್ ನೋಡ್ದೆ. ರೀಲು ತೊಳೀತೀರಾ?"

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಈ ವಯಸ್ಸಿನ ಮಗುವಿನ ಬಾಯಲ್ಲಿ ಆ ಮಾತು! ಕುರ್ಚಿಯಿಂದ ಎದ್ದೇ ನಿಂತೆ. "ತೊಳೀತೀನಿ ಕಣಮ್ಮ, ತಾ ಇಲ್ಲಿ."

"ಪೂರ್ತಿ ತೊಳೀಬೇಕು. ಏನೂ ಉಳೀಬಾರ್ದು."

"ಉಳೀಬಾರ್ದಾ? ಉಳೀಲಿ ಅಂತಾನೇ ಅಲ್ವೇನಮ್ಮ ತೊಳೆಯೋದು?"

"ಅಯ್ಯೋ ಬೇಡ ಅಂಕಲ್! ಉಳುದ್ರೆ ನಮ್ಮಪ್ಪ ಕಾಲು ಮುರೀತಾರೆ!"

ಅವಳು ಚಾಚಿದ್ದು ಫೋನು. ಅದರಲ್ಲಿ ಇದೇ ಹುಡುಗಿ ಕಬ್ಬು ತುಂಬಿದ ಟ್ರ್ಯಾಕ್ಟರಿನ ಮೇಲೆ ನಿಂತು ಕುಣಿಯುತ್ತಿದ್ದಾಳೆ. ಪರೀಕ್ಷೆಯ ದಿನ ಅಂತೆ. ಅವಳಪ್ಪ ಹೊಸ ಫೋನು ತೆಗೆದುಕೊಂಡು, ಅದರಲ್ಲಿ ರೀಲ್ಸ್ ನೋಡುವುದನ್ನು ಹಿಂದಿನ ದಿನವಷ್ಟೇ ಕಲಿತಿದ್ದಾರಂತೆ. ನಾನು ತೊಳೆಯುವ ರೀಲೇ ಬೇರೆ ಅಂತ ವಿವರಿಸಿ ಹೇಳಿದೆ. ಅವಳು ಬೋರ್ಡನ್ನೂ ನನ್ನನ್ನೂ ಒಂದೇ ಸಮ ನೋಡಿ, "ಆಗಲ್ಲ ಅಂದ್ಮೇಲೆ ಬರ್ಸಿದ್ಯಾಕೆ ಅಂಕಲ್?" ಅಂದಳು.

ಪಾಸ್‌ಪೋರ್ಟ್ ಫೋಟೋಗೆ ಕಾಯುತ್ತಾ ಬೆಂಚಿನ ಮೇಲೆ ವಡೆ ತಿನ್ನುತ್ತಿದ್ದ ಅಜ್ಜನೊಬ್ಬರು ಎಲ್ಲ ಕೇಳಿಸಿಕೊಂಡಿದ್ದರು. ಕೈಯ ಎಣ್ಣೆಯನ್ನು ಪಂಚೆಗೆ ಒರೆಸಿಕೊಂಡು ಅವಳಿಗೆ ಬುದ್ಧಿ ಹೇಳಿದರು: "ನಮ್ಮ ಕಾಲ್ದಲ್ಲೂ ರೀಲು ಬುಡೋರು ಕಣವ್ವ. ಆದ್ರೆ ಬಾಯಲ್ಲಿ ಬುಡ್ತಿದ್ವಿ, ಗಾಳೀಲಿ ಓಯ್ತಿತ್ತು. ನೀವು ಸಾಕ್ಸಿ ಮಡಿಕ್ಕೊಂಡು ಬುಡ್ತೀರಲ್ಲ, ಅದೆಂತಾ ದೈರ್ಯ!"

ನೀಲಿ

ನಿಜವಾದ ರೀಲು ಬಂದದ್ದು ಆಮೇಲೆ. ತಂದವರು ಮಂಡ್ಯದ ಗುತ್ತಲಿನ ಒಬ್ಬ ಗೃಹಿಣಿ. ಮದ್ದೂರಿನ ನೆಂಟರ ಮನೆಗೆ ಬಂದಾಗಲೆಲ್ಲ ನನ್ನ ಬೋರ್ಡು ನೋಡಿದ್ದರಂತೆ. ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ನನ್ನ ಮುಂದಿಟ್ಟರು.

"ಮಗ ಚಿಕ್ಕೋನಾಗಿದ್ದಾಗ ತೆಗ್ದಿದ್ದು ಅಣ್ಣ. ಬೀರು ಒಳಗೆ ಸಿಕ್ತು. ನಿಮಗೆ ತೊಂದರೆ ಬ್ಯಾಡ ಅಂತ ನಾನೇ ತೊಳ್ದು ತಂದಿವ್ನಿ. ನೀವು ಬರೀ ಪ್ರಿಂಟ್ ಹಾಕ್ಕೊಡಿ, ಸಾಕು."

ಡಬ್ಬಿಯ ಮುಚ್ಚಳ ತೆಗೆದೆ. ಒಳಗೆ ರೀಲು ಸೇವಂತಿಗೆ ದಂಡೆಯ ಹಾಗೆ ಅಚ್ಚುಕಟ್ಟಾಗಿ ಸುತ್ತಿಕೊಂಡು ಕೂತಿತ್ತು. ಘಮ್ಮೆಂದು ಸೋಪಿನ ಪುಡಿಯ ವಾಸನೆ.

"ಇದನ್ನ ಎಲ್ಲಿ ತೊಳೆದ್ರಿ ತಾಯಿ?"

"ಎಲ್ಲಿ ಅಂದ್ರೆ? ಬಟ್ಟೆ ಒಗೆಯೋ ಕಲ್ಲ ಮ್ಯಾಲೆ. ಬಡೀಲಿಲ್ಲ ಬುಡಿ, ಮಗೀನ ಪೋಟೋ ಅಲ್ವಾ! ಮೆತ್ಗೆ ಬ್ರಶ್ಶಲ್ಲಿ ಉಜ್ದೆ. ಆಮೇಲೆ ತಂತಿ ಮ್ಯಾಲೆ ಕ್ಲಿಪ್ ಆಕಿ ಒಣಗಾಕ್ದೆ."

"ಬಿಸಿಲಲ್ಲಾ?"

"ಮತ್ತೆ ನೆಳ್ಳಲ್ಲಿ ಒಣಗ್ತದಾ?"

ಒಂದು ಎಳೆ ಬೆಳಕು ಬಿದ್ದರೆ ಸಾಯುವ ರೀಲು, ಗುತ್ತಲಿನ ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಲಂಗ ರವಿಕೆಗಳ ಜೊತೆ ಜೋಲಾಡಿದೆ! ನನಗೆ ಕಣ್ಣು ಕತ್ತಲೆ ಬಂತು. ನೀರು ಕುಡಿದೆ. ಆ ತಾಯಿಗೆ ಹೇಗೆ ಹೇಳುವುದು ಅಂತ ತಡಕಾಡುತ್ತಿದ್ದೆ. ಅಷ್ಟರಲ್ಲಿ ಅವರೇ ಸ್ವರ ತಗ್ಗಿಸಿ, ತಮ್ಮದೇ ಏನೋ ತಪ್ಪಾಗಿದೆ ಅನ್ನುವ ಹಾಗೆ ಕೇಳಿದರು.

"ಎಷ್ಟು ಉಜ್ಜುದ್ರೂ ಮಗೀನ ಮೊಕ ಬಿಡ್ಲಿಲ್ಲ ಅಣ್ಣ. ಕಡೇಗೆ ಒಂದ್ ಚೂರು ನೀಲಿ ಆಕ್ಬೇಕಾಗಿತ್ತಾ?"

ನಿಮ್ಮ ತಂದೆಯವರದು

ಇದು ಚಿಕ್ಕದು, ಆದರೆ ಇದರಿಂದ ಒಬ್ಬರ ಪ್ರಾಣವೇ ಹೋಗುವುದರಲ್ಲಿತ್ತು. ಆ ದೊಡ್ಡ ಕಾಯಿಲೆ ಬಂದು ಊರೂರೆಲ್ಲ ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದ ಕಾಲ. ಮಂಡ್ಯದ ಒಬ್ಬ ಮೇಷ್ಟ್ರು ಅದಕ್ಕೆ ಎಷ್ಟೋ ತಿಂಗಳು ಮುಂಚೆ ತಮ್ಮ ತಂದೆಯ ಹರೆಯದ ಫೋಟೋ ಒಂದು ನನ್ನ ಹಳೆಯ ಪೆಟ್ಟಿಗೆಯಲ್ಲಿ ಇದ್ದರೆ ಹುಡುಕಿ ಅಂದಿದ್ದರು. ಅಂಗಡಿ ಮುಚ್ಚಿ ಕೂತಿದ್ದೆನಲ್ಲ, ಹುಡುಕಿದೆ, ಸಿಕ್ಕಿತು. ಖುಷಿಯಲ್ಲಿ ಫೋನು ಮಾಡಿದೆ. ಅತ್ತ ಕಡೆಯಿಂದ ಹಲೋ ಅಂದದ್ದೇ ತಡ, ಯಾರು ಏನು ಅಂತ ಹೇಳದೆ ನಮ್ಮ ಕಸುಬಿನ ಭಾಷೆಯಲ್ಲೇ ಶುರು ಮಾಡಿಬಿಟ್ಟೆ.

"ಸಾರ್, ನಿಮ್ಮ ತಂದೆಯವರದು ನೆಗೆಟಿವ್ ಇದೆ."

ಅತ್ತಲಿಂದ ಒಂದು ದೊಡ್ಡ ಉಸಿರು. "ಅಪ್ಪಾ ದೇವ್ರೇ! ಬದುಕಿಸ್ದೆ! ಲೇ, ಅಪ್ಪಂದು ನೆಗೆಟಿವಂತೆ ಕಣೇ!" ಹಿಂದಿನಿಂದ ಹೆಂಗಸರು ಮಕ್ಕಳ ಸಂಭ್ರಮ. ನೆಗೆಟಿವ್ ಸಿಕ್ಕಿದ್ದಕ್ಕೆ ಇಷ್ಟು ಸಂತೋಷಪಡುವವರು ಇನ್ನೂ ಇದ್ದಾರಲ್ಲ ಅಂತ ನನಗೂ ಹೃದಯ ತುಂಬಿ ಬಂತು. ಆ ಉತ್ಸಾಹದಲ್ಲೇ ಮುಂದುವರಿಸಿದೆ.

"ನೀವು ಹೂಂ ಅಂದ್ರೆ ಸಾಯಂಕಾಲದೊಳಗೆ ಪಾಸಿಟಿವ್ ಮಾಡಿಬಿಡ್ತೀನಿ ಸಾರ್."

ಫೋನು ಕೆಳಗೆ ಬಿದ್ದ ಸದ್ದು ಕೇಳಿತು. ಆಮೇಲೆ ಮೇಷ್ಟ್ರ ಹೆಂಡತಿಯ ದನಿ: "ಯಾವೋನ್ಲಾ ನೀನು? ಯಾವ ಆಸ್ಪತ್ರೆ ನಿಂದು?"

ಕತ್ತಲೆಯಲ್ಲಿ ಕೈ

ಈಗ ಪಟ್ಟಣದ ಕೆಲವು ಹುಡುಗರಿಗೆ ತಾತನ ಕ್ಯಾಮೆರಾದಲ್ಲಿ ರೀಲು ಹಾಕಿ ಫೋಟೋ ಹೊಡೆಯುವ ಹೊಸ ಶೋಕಿ ಬಂದಿದೆ. ಮಂಡ್ಯದ ಅಂಥ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ ಒಂದು ರೀಲು ತಂದುಕೊಟ್ಟ. ಬಹಳ ದಿನದ ಮೇಲೆ ಕತ್ತಲೆ ಕೋಣೆಯ ಬಾಗಿಲು ಹಾಕಿಕೊಂಡೆ. ಸಂತೋಷಕ್ಕೆ ಒಳಗೇನಿದೆ ಅಂತ ನೋಡಲೂ ಇಲ್ಲ, ಸೀದಾ ದೀಪ ಆರಿಸಿದೆ.

ರೀಲನ್ನು ಬಿಚ್ಚಿ ತೊಳೆಯುವ ಡಬ್ಬಿಗೆ ಸುತ್ತುವಾಗ ಕೆಂಪು ದೀಪವೂ ಇರಬಾರದು. ಮುಚ್ಚಳ ಬೀಳುವವರೆಗೆ ಎಲ್ಲ ಕೈಯ ಅಂದಾಜಿನ ಮೇಲೆ ನಡೆಯಬೇಕು. ರೀಲು ಬಿಚ್ಚಿದೆ. ಡಬ್ಬಿಗೆ ಅಂತ ಎಡಗೈ ಚಾಚಿದೆ. ಡಬ್ಬಿಯ ಬದಲು ಒಂದು ಕೈ ಸಿಕ್ಕಿತು.

ತಣ್ಣಗಿತ್ತು. ಬೆರಳುಗಳಿದ್ದವು. ದಪ್ಪ ದಪ್ಪ ಬೆರಳು. ಮುಟ್ಟಿ ನೋಡಿದೆ, ಐದಕ್ಕಿಂತ ಜಾಸ್ತಿ!

ಓಡಿಹೋಗೋಣ ಅಂದರೆ ಬಾಗಿಲು ತೆಗೆದ ಗಳಿಗೆಯೇ ಬೆಳಕು ನುಗ್ಗಿ ರೀಲು ಸುಡುತ್ತದೆ. ಆಗ ಮಂಡ್ಯದಲ್ಲೂ ನಾನು ರೀಲು ಸುಟ್ಟೋನೇ. ಪ್ರಾಣ ದೊಡ್ಡದೋ ಹೆಸರು ದೊಡ್ಡದೋ ಅಂತ ಒಂದು ಕ್ಷಣ ಯೋಚಿಸಿದೆ. ಆಂಜನೇಯಾ ಅಂತ ಜಪ ಮಾಡುತ್ತಾ, ಪಕ್ಕದಲ್ಲಿ ಆ ಕೈ ತೂಗುತ್ತಿರುವಂತೆಯೇ, ಬೆವರು ಸುರಿಸಿಕೊಂಡು ರೀಲನ್ನು ಸುತ್ತಿ ಮುಗಿಸಿದೆ. ಮುಚ್ಚಳ ಬಿಗಿದು ದೀಪ ಹಾಕಿದರೆ, ಸೂರಿನ ಕೊಕ್ಕೆಯಿಂದ ಒಂದು ಬಾಳೆಗೊನೆ ನೇತಾಡುತ್ತಿತ್ತು. ನಾನು ಅಷ್ಟು ಹೊತ್ತು ಹೆದರಿದ್ದು ಅದರ ಕೆಳಗಿನ ಚಿಪ್ಪಿಗೆ.

ಹೊರಗೆ ಬಂದು ಹೆಂಡತಿಯ ಮೇಲೆ ಹರಿಹಾಯ್ದೆ. ಅವಳು ಅವರೆಕಾಳು ಬಿಡಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ಕೂಗಾಡ್ಬೇಡಿ. ಆ ಕೋಣೇಲಿ ಎಷ್ಟೋ ವರ್ಷಕ್ಕೆ ಏನೋ ಒಂದು ಹಣ್ಣಾಗ್ತಾ ಇದೆ, ಆಗ್ಲಿ ಬಿಡಿ."

ಮುತ್ತತ್ತಿಯಲ್ಲಿ

ಆ ಹುಡುಗನ ರೀಲು ಚೆನ್ನಾಗಿ ಬಂತು. ಅದರಿಂದ ನನಗೂ ಹುಮ್ಮಸ್ಸು ಹೆಚ್ಚಿತು. ನೆಂಟರೆಲ್ಲ ಸೇರಿ ಮುತ್ತತ್ತಿಗೆ ಹೊರಟಾಗ ನನ್ನ ಹಳೆಯ ಕ್ಯಾಮೆರಾಕ್ಕೆ ಒಂದು ರೀಲು ತುಂಬಿ ಹೆಗಲಿಗೆ ಹಾಕಿಕೊಂಡೆ. ಆಂಜನೇಯನ ದರ್ಶನ ಮಾಡಿ, ಹೊಳೆ ದಂಡೆಯಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕ್ಲಿಕ್ ಅನ್ನಿಸಿದೆ. ಅನ್ನಿಸಿದ್ದೇ ತಡ, ಮಕ್ಕಳು ಮುದುಕರೆಲ್ಲ ಓಡಿ ಬಂದು ನನ್ನ ಬೆನ್ನ ಹಿಂದೆ ಗುಂಪು ಕಟ್ಟಿದರು.

"ತೋರ್ಸಿ, ತೋರ್ಸಿ!"

"ಈಗಲೇ ಕಾಣಲ್ಲ. ಮನೆಗೆ ಹೋಗಿ ತೊಳೀಬೇಕು," ಅಂದೆ.

ಎಲ್ಲರೂ ಕ್ಯಾಮೆರಾದ ಹಿಂಭಾಗ ನೋಡಿದರು. ಬರೀ ಕರೀ ತಗಡು. ನನ್ನ ಭಾವಮೈದ ಅದನ್ನು ತಟ್ಟಿ ನೋಡಿ ತೀರ್ಪು ಕೊಟ್ಟ: "ಟೀವಿ ಕೆಟ್ಟೋಗೈತೆ ಕಣ್ರೋ." ಇದೇ ಕ್ಯಾಮೆರಾದಲ್ಲಿ ಅವನ ಮದುವೆ ತೆಗೆದವನು ನಾನು! ಆ ಮದುವೆ ಆಲ್ಬಮ್ಮಿಗೆ ತಿಂಗಳುಗಟ್ಟಲೆ ಕಾದವನು ಅವನು. ಇಷ್ಟು ಬೇಗ ಹೇಗಪ್ಪಾ ಮರೆಯುತ್ತಾರೆ ಅಂತ ನನಗೆ ನಿಜವಾಗಿಯೂ ದಿಗ್ಭ್ರಮೆಯಾಯಿತು.

ಸಿಟ್ಟಿನಲ್ಲಿ ಉಳಿದದ್ದನ್ನೆಲ್ಲ ಮರ, ಹೊಳೆ, ಬಂಡೆ ಅಂತ ಹೊಡೆದು ಮುಗಿಸಿದೆ. ರೀಲನ್ನು ಹೊರಗೆ ತೆಗೆದು ಬುತ್ತಿಯ ಪಕ್ಕ ಇಟ್ಟೆ. ಎಲ್ಲಿಂದ ಬಂತೋ ಒಂದು ಕೋತಿ. ಚಿತ್ರಾನ್ನ ಮುಟ್ಟಲಿಲ್ಲ, ಕಡಲೆಕಾಯಿ ಮುಟ್ಟಲಿಲ್ಲ, ರೀಲನ್ನೇ ಎತ್ತಿಕೊಂಡು ಮರ ಹತ್ತಿತು. ನಾನು ಕಿರುಚಿದೆ. ಅದು ಕೊಂಬೆಯ ಮೇಲೆ ಆರಾಮವಾಗಿ ಕೂತು, ರೀಲಿನ ತುದಿ ಹಿಡಿದು ಸರ್ರನೆ ಎಳೆಯಿತು. ಪೂರ್ತಿ ರೀಲು ಬಾಲದ ಹಾಗೆ ಇಳಿಬಿತ್ತು. ಆಮೇಲೆ ಅದನ್ನು ಎರಡೂ ಕೈಯಲ್ಲಿ ಹಿಡಿದು, ಸೂರ್ಯನಿಗೆ ಅಡ್ಡ ಮಾಡಿ, ಒಂದು ಕಣ್ಣು ಕಿರಿದು ಮಾಡಿ, ಥೇಟ್ ಫೋಟೋದವರ ಹಾಗೆಯೇ ಮೇಲಿಂದ ಕೆಳಗೆ ಪರೀಕ್ಷಿಸಿತು. ಕೊನೆಗೆ ತಾತ್ಸಾರದಿಂದ ಹೊಳೆಗೆ ಎಸೆಯಿತು.

ನಮ್ಮ ಸೋದರತ್ತೆ ಕೈಮುಗಿದುಕೊಂಡು ನಿಂತಿದ್ದವರು ನನ್ನ ಕಡೆ ತಿರುಗಿದರು. "ಆಂಜನೇಯಂಗೇ ಏನೂ ಕಾಣ್ಲಿಲ್ಲ ಕಣಪ್ಪ. ನೀನ್ಯಾಕೆ ಸುಮ್ನೆ ಹಟ ಮಾಡೀಯೆ?"

ರೀಲು ಸುಟ್ಟೋನು

ಸೋದರತ್ತೆಯ ಆ ಮಾತು ನನ್ನನ್ನು ಕುಗ್ಗಿಸಿಬಿಟ್ಟಿತು. ಮನೆಗೆ ಬಂದು ಹೆಂಡತಿಗೆ, "ಆಯ್ತು, ಕೋಣೆ ತಗೋ. ಬೋರ್ಡು ಭಾನುವಾರ ಇಳಿಸ್ತೀನಿ," ಅಂದೆ. ಅವಳು ಗೆದ್ದವಳ ಹಾಗೆ ನಗುತ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಅಂಗಡಿಗೆ ಬಂದರೆ ಬಾಗಿಲಲ್ಲಿ ಒಬ್ಬರು ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಕಿವಿಯವರೆಗೆ ತಿರುವಿದ ಮೀಸೆ. ಹಳ್ಳಿಯಲ್ಲಿ ನ್ಯಾಯ ಹೇಳುವ ಯಜಮಾನರು ಅಂತ ನೋಡಿದರೇ ಗೊತ್ತಾಗುತ್ತಿತ್ತು.

"ಗುರ್ತು ಸಿಕ್ತಾ ಸ್ವಾಮಿ? ನಮ್ಮದ್ವೆ ಪೋಟೋ ನೀವೇ ತೆಗ್ದಿದ್ದು. ಎಣ್ಣು ವೈದ್ಯನಾಥಪುರದ್ದು. ದೇವಸ್ತಾನದ ಮುಂದೆ ಚಪ್ರ ಆಕಿದ್ರು." ಆಮೇಲೆ ತಮ್ಮ ಊರಿನ ಹೆಸರು ಹೇಳಿದರು.

ನನ್ನ ರಕ್ತ ಕುದಿಯಿತು. ಇವನೇ! ನನ್ನ ಹೆಸರು ಸುಟ್ಟ ಗಂಡು! "ನಾನು ಕೊಟ್ಟಾಗ ರೀಲು ಸರಿಯಾಗಿತ್ತು ಕಣ್ರೀ!" ಅಂತ ಕೂಗಿಯೇ ಬಿಟ್ಟೆ.

"ಸರಿಯಾಗೇ ಇತ್ತು," ಅಂದರು ಅವರು, ಸಮಾಧಾನವಾಗಿ. "ನಾನು ತೊಳುಸ್ಲೇ ಇಲ್ಲ."

"ತೊಳೆಸಲೇ ಇಲ್ವಾ? ಮತ್ತೆ ಎಲ್ಲಿಟ್ಟಿದ್ರಿ?" ಅಂದೆ.

"ಮದ್ವೆ ಕೋಟಿನ ಒಳಜೋಬಿನಾಗೆ ಮಡಗ್ಬುಟ್ಟಿದ್ದೆ. ಮೊನ್ನೆ ಮೊಮ್ಮಗನ ಇಸ್ಕೂಲ್ ನಾಟ್ಕಕ್ಕೆ ಅಂತ ನಮ್ಮನೆಯೋಳು ಆ ಕೋಟು ಆಚ್ಗೆ ತೆಗ್ದು ಜೋಬು ತಡಕವ್ಳೆ. ರೀಲು ಸಿಕ್ಬುಡ್ತು. ಈಗ ಅದ್ನ ತಕ್ಕೊಂಡು ನಿಮ್ಮತ್ರಕ್ಕೇ ಬತ್ತಾವ್ಳೆ. ಅವ್ಳು ಬಸ್ಸಲ್ಲವ್ಳೆ, ನಾನು ಬೈಕಲ್ಲಿ ಮುಂಚಿತ್ವಾಗಿ ಬಂದೆ."

"ಈಗ ನಾನೇನು ಮಾಡಬೇಕು?"

"ತೊಳ್ದಂಗೆ ಮಾಡಿ, ಸುಟ್ಟೋಗೈತೆ ಅಂದ್ಬುಡಿ."

"ಏನು! ಮತ್ತೆ ನಾನೇ ಸುಟ್ಟೆ ಅನ್ನಿಸಿಕೊಳ್ಬೇಕಾ?"

"ಎಂಗೂ ನಿಮ್ಗೆ ಆ ಎಸ್ರು ಅಭ್ಯಾಸ ಆಗೋಗೈತಲ್ಲ ಸ್ವಾಮಿ."

ಅದರಲ್ಲಿ ಅಂಥದ್ದೇನಿದೆ ಅಂತ ಕೇಳಿದರೆ ಬಾಯಿ ಬಿಡಲಿಲ್ಲ. ಫೋಟೋ ಹೊಡೆಯುವಾಗ ನನ್ನ ಗಮನವೆಲ್ಲ ಬೆಳಕಿನ ಮೇಲೆ, ಗಂಡಿನ ಮುಖ ಹೇಗಿತ್ತು ಅಂತ ನನಗೆಲ್ಲಿ ನೆನಪು? ಮೀಸೆಯ ಮೇಲೆ ಕೈ ಇಟ್ಟುಕೊಂಡು, "ಊರಲ್ಲಿ ನಂಗೊಂದು ಮರ್ವಾದಿ ಐತೆ, ಉಳ್ಸಿ," ಅಂದರು. ಅವರ ಮರ್ಯಾದೆ ಉಳಿಯಬೇಕಾದರೆ ನನ್ನದು ಮತ್ತೊಮ್ಮೆ ಬೂದಿಯಾಗಬೇಕು. ನಾನು ಉತ್ತರ ಕೊಡುವುದರೊಳಗೆ ಅವರ ಹೆಂಡತಿಯೇ ಬಂದರು. ಕೈಯಲ್ಲಿ ಕರವಸ್ತ್ರದಲ್ಲಿ ಕಟ್ಟಿದ ರೀಲು.

"ರೀಲು ಸುಟ್ಟೋನು ನೀನೇನಣ್ಣ?" ಅಂತ ನನ್ನನ್ನು ಕೇಳುತ್ತಿದ್ದವರ ಕಣ್ಣು ಬೆಂಚಿನ ಮೇಲೆ ಕೂತಿದ್ದ ಗಂಡನ ಕಡೆ ಹೋಯಿತು. "ನೀವ್ಯಾಕಿಲ್ಲಿ? ಗದ್ದೆಗೆ ನೀರು ಕಟ್ಟಕ್ ಓಯ್ತೀನಿ ಅಂದ್ರಿ?"

"ಪಾಸ್‌ಪೋರ್ಟ್ ಪೋಟೋಗೆ ಬಂದೆ ಕಣಮ್ಮಿ."

"ಯಾವ ದೇಸಕ್ಕೆ ಓಯ್ತಾ ಇದ್ದೀರಿ? ನನ್ನೂ ಕರ್ಕೊಂಡೋಗಿ."

ರೀಲು ಕೈಗೆ ಬಂತು. ನನ್ನದೇ ರೀಲು. ನಾನೇ ಸುತ್ತಿ ಕೊಟ್ಟದ್ದು. ನಾನು ಯಜಮಾನರ ಕಡೆ ನೋಡದೆ, "ತಾಯಿ, ಬಹಳ ಹಳೇದು. ಬಣ್ಣ ಬರಲ್ಲ, ಕಪ್ಪು ಬಿಳುಪಲ್ಲಿ ಬಂದ್ರೆ ಬಂತು. ಏನೂ ಬರದೇನೂ ಇರಬಹುದು," ಅಂದೆ.

"ಬರ್ತದೆ. ತೊಳಿ. ಬೆಳ್ಕು ಒಳಕ್ ಬರ್ದಂಗೆ ನಾನು ಕಾಯ್ತೀನಿ." ಕತ್ತಲೆ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತೇಬಿಟ್ಟರು. ನನ್ನ ಹೆಂಡತಿಯೂ ಒಂದು ಕಂಬಳಿ ತಂದು ಬಾಗಿಲ ಸಂದಿಗೆ ತುರುಕಿ ಅವರ ಪಕ್ಕ ಕೂತಳು.

ಒಳಗೆ ನನ್ನ ಪಾಡು ಯಾರಿಗೂ ಬೇಡ. ಇಷ್ಟು ವರ್ಷದ ಕಾವಿಗೆ ರೀಲು ತಾನಾಗಿಯೇ ಹಾಳಾಗಿದ್ದರೆ? ಯಜಮಾನರು ಬೇಡಿಕೊಂಡದ್ದು ತಂತಾನೇ ಆಗಿಹೋಗುತ್ತದೆ, ನಾನು ಸಾಯುವವರೆಗೆ ಸುಟ್ಟೋನೇ. ಔಷಧ ಹಾಕಿ ಡಬ್ಬಿ ಅಲ್ಲಾಡಿಸುವಾಗ ಡಬ್ಬಿಗಿಂತ ಜಾಸ್ತಿ ನಾನೇ ಅಲ್ಲಾಡುತ್ತಿದ್ದೆ. ಕೊನೆಗೆ ತೆಗೆದು ದೀಪಕ್ಕೆ ಹಿಡಿದೆ. ಅರ್ಧ ಮಸುಕು. ಉಳಿದರ್ಧದಲ್ಲಿ ಚಪ್ಪರ, ಬಾಸಿಂಗ, ಜನ! ಸುಟ್ಟಿರಲಿಲ್ಲ. ನಾನು ಸುಟ್ಟಿರಲಿಲ್ಲ! ಕಣ್ಣಲ್ಲಿ ನೀರು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ರೀಲು ಒಣಗಿದ ಮೇಲೆ, ಜೋಪಾನ ಮಾಡಿದ್ದ ಕಡೆಯ ಕಟ್ಟಿನ ಫೋಟೋ ಕಾಗದ ತೆಗೆದು, ಕೆಂಪು ದೀಪ ಹಾಕಿ ಎಲ್ಲರನ್ನೂ ಒಳಗೆ ಕರೆದೆ. ಯಜಮಾನರು ಬಾಗಿಲಲ್ಲೇ ನಿಂತರು. ರೀಲಿನ ಮೂಲಕ ಬೆಳಕು ಬಿಟ್ಟ ಬಿಳಿ ಕಾಗದವನ್ನು ತಟ್ಟೆಯ ಔಷಧದ ನೀರಿನಲ್ಲಿ ಮುಳುಗಿಸಿದೆ. ಮೊದಲು ಪೇಟ ಮೂಡಿತು. ಆಮೇಲೆ ದೊಡ್ಡದಾಗಿ ತೆರೆದ ಒಂದು ಬಾಯಿ.

"ಇವ್ರ್ಯಾಕೆ ಇಷ್ಟಗ್ಲ ಬಾಯಿ ತಕ್ಕೊಂಡವ್ರೆ?" ಅಂದರು ಆಕೆ. "ಪದ ಏಳ್ತಾವ್ರಾ?"

ಆಮೇಲೆ ಕಣ್ಣು ಮೂಡಿತು. ಕೆನ್ನೆ ಮೂಡಿತು. ಕೆನ್ನೆಯ ಮೇಲೆ ಧಾರಾಕಾರ. ತಾಳಿ ಕಟ್ಟುತ್ತಾ ಗಂಡು ಗೊಳೋ ಅಂತ ಅಳುತ್ತಿತ್ತು! ಪಕ್ಕದಲ್ಲಿ ಹೆಣ್ಣು ತಲೆ ಬಗ್ಗಿಸಿ ತಣ್ಣಗೆ ಕೂತಿತ್ತು.

ಬಾಗಿಲ ಕಡೆಯಿಂದ ಸಣ್ಣ ದನಿ ಬಂತು: "ಒಗೆ ಕಣಮ್ಮಿ. ಓಮದ ಒಗೆ."

"ನಾನೂ ಅಲ್ಲೇ ಕೂತಿದ್ನಲ್ಲ, ನಂಗ್ಯಾಕೆ ಒಗೆ ತಾಕ್ನಿಲ್ಲ? ಇನ್ನೊಂದು ಆಕಣ್ಣ."

ಇನ್ನೊಂದು ಹಾಕಿದೆ. ಗಂಡು ಊಟದ ಎಲೆಯ ಮುಂದೆ ಕೂತು, ಕೈಯಲ್ಲಿ ಒಬ್ಬಟ್ಟು ಹಿಡಿದುಕೊಂಡು ಅಳುತ್ತಿದೆ.

"ಇದು... ಸಾರು ಕಾರ ಆಗಿತ್ತು."

"ಒಬ್ಬಟ್ಟು ತಿನ್ನೋವಾಗ್ಲಾ? ಇನ್ನೊಂದು ಆಕಣ್ಣ."

ಮೂರನೆಯದರಲ್ಲಿ ಗಂಡು ಹೆಣ್ಣು ಕಾರಿನಲ್ಲಿ ಕೂತಿದ್ದಾರೆ. ಹೆಣ್ಣು ಗಂಡಿನ ಕೈಗೆ ತನ್ನ ಕರವಸ್ತ್ರ ಕೊಡುತ್ತಿದೆ. ಆಕೆ ಗಂಡನ ಕಡೆ ತಿರುಗಿದರು. "ನೆಗ್ಡಿ ಅಂತ ಈಸ್ಕೊಂಡ್ರಲ್ಲ ಅವತ್ತು! ಕಾರೊಳ್ಗೂ ಓಮ ಆಕಿದ್ರಾ?"

ಯಜಮಾನರು ಸೋತರು. ಪೇಟ ಇಲ್ಲದ ತಲೆ ಕೆರೆದುಕೊಂಡರು. "ನಿಮ್ಮವ್ವ ಅಳ್ತಿದ್ರು ಕಣಮ್ಮಿ. ಇದ್ದೊಬ್ಬ ಮಗ್ಳು ಓಯ್ತಾಳಲ್ಲ ಅಂತ. ಅತ್ತೆ ಅತ್ರು, ನಂಗೂ ತಡೀನಾರ್ದೆ ಓಯ್ತು. ಅವತ್ತು ಕೇಳ್ದೋರ್ಗೆಲ್ಲ ಒಗೆ ಅಂದ್ಬುಟ್ಟೆ, ಪೋಟೋ ನೋಡುದ್ರೆ ಯಾರು ನಂಬ್ತಾರೆ?"

"ಅತ್ತೆ ಅತ್ರು ಅಂತ ಅಳಿಯ ಅತ್ರಾ! ಊರೆಂಗಸ್ರೆಲ್ಲ ನನ್ನೇ ಬೈದ್ರಲ್ರೀ, ಮದ್ವೇಲಿ ಒಂದನಿ ಕಣ್ಣೀರು ಆಕ್ನಿಲ್ಲ, ಕಲ್ಲೆದೆ ಇವ್ಳದು ಅಂತ! ಅಳೋದೆಲ್ಲ ನೀವೇ ಗುತ್ಗೆ ಇಡ್ದಿದ್ರೆ ನಂಗೆಲ್ಲಿ ಉಳೀತದೆ?"

ನನ್ನ ಹೆಂಡತಿ ಸೆರಗು ಬಾಯಿಗೆ ಹಿಡಿದು ಕುಲುಕಾಡುತ್ತಿದ್ದಳು. ಆಕೆ ಮಾತ್ರ ಕಾರಿನ ಫೋಟೋವನ್ನೇ ನೋಡುತ್ತಾ ಕೇಳಿದರು, "ಅಷ್ಟೊಂದು ನಾಚ್ಕೆ ಇದ್ರೆ ಬಿಸಾಕ್ಬೇಕಿತ್ತು. ಯಾಕೆ ಮಡಗಿದ್ರಿ?"

"ಎಂಗೆ ಬಿಸಾಕ್ಲಿ? ನೀನು ಅದ್ರಾಗೆ ಸಂದಾಗಿರ್ತೀಯ ಅಂತ ಗೊತ್ತಿತ್ತಲ್ಲ."

ನನ್ನ ಅಷ್ಟು ವರ್ಷದ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಯಜಮಾನರ ಮರ್ಯಾದೆಯೂ ಉಳಿಯಲಿ ಅಂತ, "ಬೇಕಾದ್ರೆ ಇಷ್ಟಕ್ಕೇ ನಿಲ್ಲಿಸೋಣ ತಾಯಿ," ಅಂದೆ.

ಆಕೆ ಮೂಗು ಒರೆಸಿಕೊಂಡು, "ನಿಲ್ಸೋದಾ? ಈ ಕಾರಿಂದು ದೊಡ್ಡದು ಮಾಡಿ ಕಟ್ಟಾಕ್ಕೊಡಣ್ಣ. ಇವ್ರು ಕೂತು ಪಂಚಾಯ್ತಿ ಮಾಡೋ ಜಗಲಿ ಮ್ಯಾಲೆ ನೇತಾಕ್ತೀನಿ," ಅಂದರು. ಬಸ್ ನಿಲ್ದಾಣದಲ್ಲಿ ನಿಂತು ತಮ್ಮೂರಿನವರಿಗೆಲ್ಲ ಕೇಳುವಂತೆ, "ಆ ಪೋಟೋದೋರು ಏನೂ ಸುಟ್ಟಿರ್ನಿಲ್ಲ ಕಣ್ರವ್ವಾ!" ಅಂತ ಕೂಗಿಯೂ ಹೋದರು.

ಭಾನುವಾರ ಬೋರ್ಡು ಇಳಿಸಿದೆವು. ನನ್ನ ಹೆಂಡತಿಯೇ ಅದಕ್ಕೆ ಒದ್ದೆ ಬಟ್ಟೆ ಹಾಕಿ ಉಜ್ಜಿ, ಮತ್ತೆ ಅಲ್ಲೇ ನೇತುಹಾಕಿಸಿದಳು.

ಮರುವಾರ ಫೋನು ಬಂತು. ಆ ಊರಿನಿಂದಲೇ! ಎಷ್ಟೋ ವರ್ಷಕ್ಕೆ ಆ ಊರಿನ ಮೊದಲ ಕರೆ. "ಅಣ್ಣಾ, ನಮ್ಮುಡ್ಗಿ ಮದ್ವೆ ಐತೆ. ನೀವೇ ಬರ್ಬೇಕು, ರೀಲಲ್ಲೇ ತೆಗೀಬೇಕು." ನನಗೆ ಸಂತೋಷಕ್ಕೆ ಮಾತು ತೊದಲಿತು. ಖಂಡಿತ ಬರುತ್ತೇನೆ, ಒಂದು ಚಿತ್ರವೂ ಹಾಳಾಗದ ಹಾಗೆ ನೋಡಿಕೊಳ್ಳುತ್ತೇನೆ ಅಂತ ಆಣೆ ಮಾಡಿದೆ.

"ಅದು ಗೊತ್ತು ಬುಡಣ್ಣ. ಇನ್ನೊಂದು ಮಾತು," ಅಂದಿತು ಆ ಕಡೆಯ ದನಿ, ಸ್ವಲ್ಪ ತಗ್ಗಿ. "ಯಜಮಾನ್ರ ಜಗಲಿ ಮ್ಯಾಲಿನ ಪೋಟೋ ನೋಡ್ದಾಗಿಂದ ನಮ್ಮುಡ್ಗಿ ಒಂದೇ ಪಟ್ಟು ಇಡ್ದವ್ಳೆ. ಗಂಡು ಅಳಲೇಬೇಕಂತೆ. ಅಳ್ಸೋ ಜವಾಬ್ದಾರಿ ನಿಮ್ದೇ."